ಓದುಗರ ಪ್ರಶ್ನೆ: ಎನ್‌ಬಿಎ ಆಡದವನು ಸೋತವನಾ?

ಪ್ರಶ್ನೆ: ನನ್ನ ಮಗ ಕಾಲೇಜು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾನೆ. ಎತ್ತರ ಆರಡಿಯಷ್ಟೇ, ಆದರೆ ಸೆಂಟರ್, ಅಂದರೆ ರಿಂಗಿನ ಹತ್ತಿರ ಎತ್ತರದವರು ಆಡುವ ಜಾಗದಲ್ಲೇ, ಆಡಬೇಕು ಅನ್ನುವ ಹಟ. ಕೋಚ್ ಬೆಂಚಿನಲ್ಲಿ ಕೂರಿಸುತ್ತಾರೆ. ಇವನು ರಾತ್ರಿಯೆಲ್ಲಾ ಕೈಲ್ ಹೈನ್ಸ್ ಅನ್ನುವ ಅಮೆರಿಕದ ಆಟಗಾರನ ವಿಡಿಯೊ ನೋಡುತ್ತಾನೆ. ಆ ಮನುಷ್ಯ ಎನ್‌ಬಿಎ ಅನ್ನುವ ಅಮೆರಿಕದ ದೊಡ್ಡ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿಲ್ಲವಂತೆ. ಅಮೆರಿಕದಲ್ಲೇ ಬೇಡವಾದವನನ್ನು ನೋಡಿ ಕಲಿಯುವುದು ಏನಿದೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗನ ಆಯ್ಕೆ ಚೆನ್ನಾಗಿದೆ ಸ್ವಾಮಿ, ಬೈಯಬೇಡಿ. ಹೈನ್ಸ್ ಎನ್‌ಬಿಎ ಆಡಿಲ್ಲ ಅನ್ನುವುದು ನಿಜ. ಆದರೆ ಯುರೋಪಿನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಯುರೋಲೀಗ್ ಅನ್ನು ನಾಲ್ಕು ಸಲ ಗೆದ್ದಿದ್ದಾನೆ. 2012, 2013, 2016, 2019. ಎರಡು ಸಲ ಗ್ರೀಸ್‌ನ ಒಲಿಂಪಿಯಾಕೋಸ್ ಜೊತೆ, ಎರಡು ಸಲ ಸಿಎಸ್‌ಕೆಎ ಮಾಸ್ಕೋ ಜೊತೆ (ಇದು ನಮ್ಮ ಧೋನಿಯ ಸಿಎಸ್‌ಕೆ ಅಲ್ಲ, ಒಂದು ಕಾಲಕ್ಕೆ ಸೋವಿಯತ್ ಸೈನ್ಯದ ಕ್ಲಬ್ ಆಗಿತ್ತು).

ಹೈನ್ಸ್ ಹುಟ್ಟಿದ್ದು 1986ರಲ್ಲಿ, ಬೆಳೆದದ್ದು ನ್ಯೂಜೆರ್ಸಿಯಲ್ಲಿ. ಕಾಲೇಜು ಆಡಿದ್ದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ. ಅದೇ ರಾಜ್ಯದ ಹೆಸರುವಾಸಿ ಚಾಪೆಲ್ ಹಿಲ್ ಅಲ್ಲ, ಟಿವಿಯವರು ಅಷ್ಟಾಗಿ ಸುಳಿಯದ ಇನ್ನೊಂದು ಕ್ಯಾಂಪಸ್. ಅಲ್ಲಿ ನಾಲ್ಕು ವರ್ಷದಲ್ಲಿ 2,000ಕ್ಕೂ ಜಾಸ್ತಿ ಅಂಕ, 1,000ಕ್ಕೂ ಜಾಸ್ತಿ ರಿಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡು ಹಿಡಿಯುವುದು), 300ಕ್ಕೂ ಜಾಸ್ತಿ ಬ್ಲಾಕ್ (ಎದುರಾಳಿ ಎಸೆದ ಚೆಂಡನ್ನು ತಡೆಯುವುದು). ಈ ಮೂರನ್ನೂ ಒಟ್ಟಿಗೆ ಮಾಡಿದವರ ಪಟ್ಟಿ ತೀರಾ ಚಿಕ್ಕದು. ಆಮೇಲೆ ಎನ್‌ಬಿಎಯಲ್ಲಿ ಹೆಸರು ಮಾಡಿದ ಟಿಮ್ ಡಂಕನ್, ಡೇವಿಡ್ ರಾಬಿನ್ಸನ್, ಅಲೊಂಜೊ ಮೋರ್ನಿಂಗ್ ಅದರಲ್ಲಿದ್ದಾರೆ. ಅವರೆಲ್ಲ ಡ್ರಾಫ್ಟಿನಲ್ಲಿ, ಅಂದರೆ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವಾಗ, ಮೊದಲ ಎರಡು ಸ್ಥಾನದೊಳಗೇ ಹೋದವರು. 2008ರ ಡ್ರಾಫ್ಟಿನಲ್ಲಿ ಹೈನ್ಸ್ ಹೆಸರನ್ನು ಯಾರೂ ಕೂಗಲಿಲ್ಲ.

ಕಾರಣ ಅಳತೆಪಟ್ಟಿ. ಅವನ ಎತ್ತರ ಆರಡಿ ಆರಂಗುಲ. ನಮ್ಮ ಬೀದಿಯಲ್ಲಿ ನಡೆದರೆ ಎಲ್ಲರೂ ತಿರುಗಿ ನೋಡುತ್ತಾರೆ, ಆದರೆ ಎನ್‌ಬಿಎಯಲ್ಲಿ ಸೆಂಟರ್ ಆಡಲು ಅವನು ಕುಳ್ಳ. ಇವನು ಸೆಂಟರ್‌ಗೆ ಗಿಡ್ಡ, ಹೊರಗೆ ಆಡೋಣ ಅಂದರೆ ದೂರದಿಂದ ಗುರಿ ಇಡುವವನಲ್ಲ ಅಂತ ಎರಡೂ ಕಡೆಯಿಂದ ಬಾಗಿಲು ಹಾಕಿದರು.

ಆಮೇಲೆ ಅವನು ಹೋದ ಜಾಗ ನೋಡಿ. ಇಟಲಿಯ ವೆರೋಲಿ, ರೋಮ್‌ನಿಂದ ಆಗ್ನೇಯಕ್ಕೆ ಗುಡ್ಡದ ಮೇಲಿರುವ ಊರು, ಜನಸಂಖ್ಯೆ ಸುಮಾರು 20,000. ತಂಡ ಇದ್ದದ್ದು ದೇಶದ ಎರಡನೇ ದರ್ಜೆಯ ಲೀಗಿನಲ್ಲಿ. ಅಲ್ಲಿ ಒಂದೊಂದು ತಂಡಕ್ಕೂ ಬೆರಳೆಣಿಕೆಯಷ್ಟೇ ಅಮೆರಿಕನ್ನರಿಗೆ ಅವಕಾಶ, ಹಾಗಾಗಿ ಆ ಜಾಗಕ್ಕೆ ಬಂದವನು ಚೆನ್ನಾಗಿ ಆಡದಿದ್ದರೆ ಗಂಟುಮೂಟೆ ಕಟ್ಟಬೇಕಾಗುತ್ತದೆ. ಹೈನ್ಸ್ ಎರಡು ವರ್ಷ ಅಲ್ಲಿದ್ದ. ಮುಂದಿನ ವರ್ಷ ಜರ್ಮನಿಯ ಬಾಂಬೆರ್ಗ್, ಅಲ್ಲಿ ಲೀಗ್ ಮತ್ತು ಕಪ್ ಎರಡೂ ಗೆದ್ದ. ಆಮೇಲೆ ಒಲಿಂಪಿಯಾಕೋಸ್. ಬಾಂಬೆರ್ಗ್‌ನಿಂದ ಮುಂದಿನದು ಎಲ್ಲರೂ ಬರೆಯುತ್ತಾರೆ, ನನಗೆ ಮಾತ್ರ ವೆರೋಲಿಯ ಆ ಎರಡು ವರ್ಷವೇ ದೊಡ್ಡದು ಅನ್ನಿಸುತ್ತದೆ, ಯಾಕೆಂದರೆ ಡಂಕನ್ ಹೆಸರಿರುವ ಪಟ್ಟಿಯಲ್ಲಿ ತನ್ನ ಹೆಸರೂ ಇಟ್ಟುಕೊಂಡು, ಸಣ್ಣ ಊರಿನ ಎರಡನೇ ದರ್ಜೆಯಲ್ಲಿ ಮುಖ ಗಂಟು ಹಾಕಿಕೊಳ್ಳದೆ ಆಡುವುದು ಸುಲಭವಲ್ಲ.

2012ರ ಫೈನಲ್ ಇಸ್ತಾಂಬುಲ್‌ನಲ್ಲಿ. ಎದುರಾಳಿ ಸಿಎಸ್‌ಕೆಎ. ಮೂರನೇ ಕ್ವಾರ್ಟರ್‌ನಲ್ಲಿ ಒಲಿಂಪಿಯಾಕೋಸ್ 19 ಅಂಕ ಹಿಂದೆ ಬಿದ್ದಿತ್ತು. ಅಲ್ಲಿಂದ ಎದ್ದು ಬಂದು, ಇನ್ನೊಂದು ಸೆಕೆಂಡೂ ಪೂರ್ತಿ ಉಳಿಯದಿದ್ದಾಗ ಅದೇ ತಂಡದ ಪ್ರಿಂಟೆಜಿಸ್ ಎಸೆದ ಚೆಂಡು ಒಳಗೆ ಬಿದ್ದು 62-61. ತಮಾಷೆ ಅಂದರೆ ಹೈನ್ಸ್ 2013ರಲ್ಲಿ ಸೇರಿದ್ದು ಹಾಗೆ ಸೋತು ಕೂತಿದ್ದ ಅದೇ ಸಿಎಸ್‌ಕೆಎಯನ್ನು! ಏಳು ವರ್ಷ ಅಲ್ಲೇ ಇದ್ದ. 2020ರಿಂದ ಮಿಲಾನ್, ಅಲ್ಲಿ ಮೂರು ಸಲ ಇಟಲಿಯ ಚಾಂಪಿಯನ್. 2024ರಲ್ಲಿ ಆಟ ಬಿಟ್ಟ.

ಈಗ ನಿಮ್ಮ ಮಗನ ವಿಷಯ. ಹೈನ್ಸ್ 2016, 2018, 2022ರಲ್ಲಿ ಯುರೋಲೀಗ್‌ನ ಅತ್ಯುತ್ತಮ ಡಿಫೆಂಡರ್. ಕೊನೆಯದು ಬಂದಾಗ ವಯಸ್ಸು 35. ಹೇಗೆ ಅಂತ ನೋಡಬೇಕಾದರೆ ಒಂದು ಪಿಕ್ ಅಂಡ್ ರೋಲ್ ನಿಧಾನಕ್ಕೆ ಓಡಿಸಿ ನೋಡಲಿ. ಎದುರು ತಂಡದ ಸೆಂಟರ್ ಬಂದು ಗೋಡೆಯ ಹಾಗೆ ನಿಲ್ಲುತ್ತಾನೆ, ಚೆಂಡು ಬಡಿಯುತ್ತಾ ಬರುವ ಗಾರ್ಡ್ ಅವನ ಭುಜ ಸವರಿಕೊಂಡು ನುಸುಳುತ್ತಾನೆ. ಏಳಡಿಯ ಸೆಂಟರ್ ಆದರೆ ಈ ಗಾರ್ಡನ್ನು ಬೆನ್ನಟ್ಟಲಾರ, ಹಿಂದೆ ಸರಿದು ರಿಂಗಿನ ಹತ್ತಿರ ಕಾಯುತ್ತಾನೆ. ಹೈನ್ಸ್ ಹಾಗಲ್ಲ. ಮೊಣಕಾಲು ಬಗ್ಗಿಸಿ, ಸೊಂಟ ಇಳಿಸಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಪಕ್ಕಕ್ಕೆ ಜಾರುತ್ತಾ ಗಾರ್ಡ್ ಮುಂದೆಯೇ ಇರುತ್ತಾನೆ. ಚೆಂಡು ಮತ್ತೆ ಒಳಗೆ ದೊಡ್ಡವನ ಕೈಗೆ ಹೋದರೆ ಅವನ ತೊಡೆಗೆ ಸೊಂಟ ಒತ್ತಿ ರಿಂಗಿನಿಂದ ದೂರ ತಳ್ಳುತ್ತಾನೆ. ಕುಳ್ಳಗಿರುವುದೇ ಅಲ್ಲಿ ಲಾಭ, ಬುಡ ಗಟ್ಟಿ. ಚೆಂಡು ನೋಡಬೇಡ, ಹೈನ್ಸ್ ಕಾಲು ನೋಡು ಅಂತ ಮಗನಿಗೆ ಹೇಳಿ. ಮತ್ತೆ ಆರಡಿಗೂ ಆರಡಿ ಆರಂಗುಲಕ್ಕೂ ಅರ್ಧ ಅಡಿ ವ್ಯತ್ಯಾಸ ಇದೆ, ಅದನ್ನೂ ಹೇಳಿ. ಕೋಚ್ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಅಲ್ವಾ?

ಪ್ರಶ್ನೆ: ಹೀಗೆ ಹೊರದೇಶಕ್ಕೆ ಹೋಗುವವರಿಗೆ ದುಡ್ಡು ಸರಿಯಾಗಿ ಸಿಗುತ್ತದಾ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದೊಡ್ಡ ಕ್ಲಬ್ಬುಗಳಲ್ಲಿ ಚೆನ್ನಾಗಿಯೇ ಸಿಗುತ್ತದೆ. ಯುರೋಪಿನಲ್ಲಿ ಸಾಮಾನ್ಯವಾಗಿ ತೆರಿಗೆ ಕಳೆದು ಕೈಗೆ ಬರುವ ಮೊತ್ತದ ಲೆಕ್ಕದಲ್ಲೇ ಮಾತುಕತೆ ನಡೆಯುತ್ತದೆ, ಮನೆ ಮತ್ತು ಕಾರು ಕ್ಲಬ್ಬಿನದೇ. ಆದರೆ ಎಲ್ಲ ಕಡೆ ಹಾಗಿಲ್ಲ. ಸಂಬಳ ತಿಂಗಳುಗಟ್ಟಲೆ ಬಾಕಿ ಉಳಿಸುವುದು, ಗಾಯವಾದ ಕೂಡಲೇ ಒಪ್ಪಂದ ಮುರಿಯುವುದು, ಇದೆಲ್ಲಾ ನಡೆಯುತ್ತದೆ. ಇಂಥ ತಕರಾರು ಕೇಳುವುದಕ್ಕೆಂದೇ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 2007ರಲ್ಲಿ ಒಂದು ಪಂಚಾಯ್ತಿ ಕಟ್ಟೆ ಮಾಡಿತು, ಜಿನೀವಾದಲ್ಲಿದೆ.

ಪ್ರಶ್ನೆ: ಕಾಲೇಜಿಗೇ ಹೋಗದೆ ನೇರ ಯುರೋಪಿಗೆ ಹೋದವರು ಇದ್ದಾರಾ?
— ಓದುಗರೊಬ್ಬರು, ಮೈಸೂರು

ಉತ್ತರ: ಇದ್ದಾರೆ. ಬ್ರ್ಯಾಂಡನ್ ಜೆನ್ನಿಂಗ್ಸ್. ಹೈಸ್ಕೂಲ್ ಮುಗಿಸಿದವರು ಕನಿಷ್ಠ ಒಂದು ವರ್ಷ ಕಾಯಬೇಕು ಅನ್ನುವ ನಿಯಮ ಎನ್‌ಬಿಎಯಲ್ಲಿ ಬಂದ ಮೇಲೆ, 2008ರಲ್ಲಿ ಆ ವರ್ಷವನ್ನು ರೋಮ್‌ನ ತಂಡದಲ್ಲಿ ಕಳೆದ. ಸುಖ ಇರಲಿಲ್ಲ. ಹದಿನೆಂಟು ಹತ್ತೊಂಬತ್ತರ ಹುಡುಗನಿಗೆ ಅಲ್ಲಿ ಯಾರೂ ಚೆಂಡು ಕೊಟ್ಟು ಆಡಪ್ಪಾ ಅನ್ನುವುದಿಲ್ಲ, ಹೆಚ್ಚು ಹೊತ್ತು ಬೆಂಚೇ ಗತಿ. ಆದರೂ 2009ರ ಡ್ರಾಫ್ಟಿನಲ್ಲಿ ಎನ್‌ಬಿಎ ತಂಡ ಮಿಲ್ವಾಕೀ ಬಕ್ಸ್ ಅವನನ್ನು ಹತ್ತನೆಯವನಾಗಿ ಆರಿಸಿತು. ಅದೇ ನವೆಂಬರಿನಲ್ಲಿ ಗೋಲ್ಡನ್ ಸ್ಟೇಟ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ 55 ಅಂಕ ಹೊಡೆದ.

ಪ್ರಶ್ನೆ: ಅಮೆರಿಕದವನೊಬ್ಬ ರಷ್ಯಾ ದೇಶದ ಪರ ಆಡಿದ್ದ ಅಂತ ಗೆಳೆಯ ಹೇಳುತ್ತಾನೆ. ಸುಮ್ನೆ ಕಥೆಯಾ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಥೆ ಅಲ್ಲ, ಗೆಳೆಯನಿಗೆ ಕಾಫಿ ಕೊಡಿಸಿ. ಜೆ.ಆರ್. ಹೋಲ್ಡನ್, ಪಿಟ್ಸ್‌ಬರ್ಗ್‌ನವನು. ಲಾತ್ವಿಯಾ, ಬೆಲ್ಜಿಯಂ, ಗ್ರೀಸ್ ಸುತ್ತಿ ಸಿಎಸ್‌ಕೆಎಗೆ ಬಂದ, ರಷ್ಯಾ ಅವನಿಗೆ ಪೌರತ್ವವನ್ನೇ ಕೊಟ್ಟಿತು. 2007ರ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್, ಮ್ಯಾಡ್ರಿಡ್‌ನಲ್ಲಿ, ಸ್ಪೇನ್ ವಿರುದ್ಧ, ಸ್ಪೇನ್ ಜನರೇ ತುಂಬಿದ ಸ್ಟೇಡಿಯಂ. ಮುಗಿಯಲು ಇನ್ನೆರಡು ಸೆಕೆಂಡು ಇದೆ ಅನ್ನುವಾಗ ಹೋಲ್ಡನ್ ಎಸೆದ ಚೆಂಡು ರಿಂಗಿನ ಅಂಚಿಗೆ ಬಡಿದು, ಬೀಳಲೋ ಬೇಡವೋ ಅಂತ ಮೇಲೆ ಹಾರಿ ಒಳಗೆ ಬಿತ್ತು. 60-59. ಉಳಿದ ಆ ಚೂರು ಸಮಯದಲ್ಲಿ ಸ್ಪೇನ್‌ನ ಪಾವ್ ಗಸೋಲ್ ಎಸೆದದ್ದೂ ಹೋಯಿತು ಹೋಯಿತು ಅನ್ನುವಷ್ಟರಲ್ಲಿ ಹೊರಗೆ ಚಿಮ್ಮಿತು.