ಮೊದಲು ಆ ಸ್ಪ್ರೇ ಡಬ್ಬಿಯ ವಿಷಯ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟು ನೀನು ಅಂತಲೇ ಬರೆಯುತ್ತೇನೆ. ನೀನು ಲಂಡನ್ನಿಗೆ ಬಂದು ಮೂರು ವಾರ. ಓದಿನ ಜೊತೆ ಸಂಜೆ ಪಾರ್ಟ್‌ಟೈಮ್ ಕೆಲಸ. ರಾತ್ರಿ ಹನ್ನೊಂದರ ಸುಮಾರಿಗೆ ಸ್ಟೇಷನ್ನಿನಿಂದ ರೂಮಿಗೆ ಹದಿನೈದು ನಿಮಿಷ ಒಬ್ಬಳೇ ನಡೆಯಬೇಕು. ಹೊರಡುವಾಗ ಅಮ್ಮ ಸೂಟ್‌ಕೇಸಿಗೆ ಪೆಪ್ಪರ್ ಸ್ಪ್ರೇ ಹಾಕಿದ್ದಾರೆ. ಅದನ್ನು ಬ್ಯಾಗಲ್ಲಿ ಇಟ್ಟುಕೊಂಡು ಓಡಾಡಬಹುದಾ, ಯಾರಾದರೂ ಮೈಮೇಲೆ ಬಂದರೆ ತಿರುಗಿ ಹೊಡೆಯಬಹುದಾ, ಹೊಡೆದರೆ ನನ್ನ ಮೇಲೇ ಕೇಸಾಗಿ ವೀಸಾ ಹೋಗುತ್ತಾ ಅಂತ ಕೇಳಿದ್ದೀಯ. ನಾನು ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ವಕೀಲೆ ಅಲ್ಲ. ಆದರೆ ಒಮ್ಮೆ ಒಬ್ಬನಿಗೆ ಹೊಡೆದು, ಪೊಲೀಸರ ಮುಂದೆ ಕೂತು ಹೇಳಿಕೆ ಕೊಟ್ಟು ಬಂದಿದ್ದೇನೆ. ಅದಕ್ಕೇ ಬರೆಯುವ ಧೈರ್ಯ.

ಮೊದಲು ಆ ಡಬ್ಬಿ. ಬ್ಯಾಗಲ್ಲಿ ಇಡಬೇಡ. ಬ್ಯಾಗಿರಲಿ, ರೂಮಲ್ಲೂ ಇಟ್ಟುಕೊಳ್ಳುವಂತಿಲ್ಲ. ನಮ್ಮಲ್ಲಿ ಸಲೀಸಾಗಿ ಸಿಗುವ ಆ ವಸ್ತು ಇಲ್ಲಿ 1968ರ ಫೈರ್‌ಆರ್ಮ್ಸ್ ಆಕ್ಟ್ ಪ್ರಕಾರ ನಿಷೇಧಿತ ಆಯುಧ. ಹೌದು, ಬಂದೂಕಿನ ಕಾನೂನೇ. ಹಾನಿ ಮಾಡುವ ದ್ರವವನ್ನೋ ಗ್ಯಾಸನ್ನೋ ಚಿಮ್ಮಿಸಲೆಂದು ಮಾಡಿದ ಆಯುಧ ಯಾವುದೇ ಇರಲಿ, ಅದರ 5ನೇ ಸೆಕ್ಷನ್ನಿನಡಿ ಬರುತ್ತದೆ. ಗರಿಷ್ಠ ಶಿಕ್ಷೆ 10 ವರ್ಷ ಜೈಲು. ಎಲ್ಲರಿಗೂ ಅಷ್ಟು ಬೀಳುತ್ತದೆ ಅಂತಲ್ಲ. ಆದರೆ ಆಯುಧದ ಕೇಸು ಒಂದು ಹೆಸರಿಗೆ ಅಂಟಿಕೊಂಡರೆ ಸಾಕಲ್ವಾ, ಓದು, ಕೆಲಸ, ವೀಸಾ ಎಲ್ಲದಕ್ಕೂ ಅಡ್ಡ ಬರೋದಕ್ಕೆ? ಏರ್‌ಪೋರ್ಟಲ್ಲಿ ಯಾರೂ ಹಿಡಿಯಲಿಲ್ಲ ಅಂತ ಬರೆದಿದ್ದೀಯ. ಅದು ನಿನ್ನ ಅದೃಷ್ಟ ಅಷ್ಟೇ. 101ಕ್ಕೆ ಫೋನ್ ಮಾಡು. ಅದು ಪೊಲೀಸರ ತುರ್ತಲ್ಲದ ನಂಬರು. ಗೊತ್ತಿಲ್ಲದೆ ತಂದೆ, ಹೇಗೆ ಒಪ್ಪಿಸಲಿ ಅಂತ ಕೇಳು. ಅವರು ಹೇಳುವ ಮುಂಚೆ ಅದನ್ನು ಹಿಡಿದುಕೊಂಡು ಬೀದಿಗೆ ಇಳಿಯಬೇಡ. ತಮಾಷೆ ಏನು ಗೊತ್ತಾ? ಇಲ್ಲಿನ ಹೆಚ್ಚಿನ ಪೊಲೀಸರ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ, ಅಂಥದ್ದೇ ಸ್ಪ್ರೇ ಇರುತ್ತದೆ.

ಸರಿ, ಸ್ಪ್ರೇ ಬೇಡ, ಒಂದು ಪೊಟ್ಟಣ ಖಾರದ ಪುಡಿ ಇಟ್ಟುಕೊಳ್ಳೋಣ ಅಂತ ನಿನಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಅದಕ್ಕೆ 1953ರ ಪ್ರಿವೆನ್ಷನ್ ಆಫ್ ಕ್ರೈಮ್ ಆಕ್ಟ್ ಇದೆ. ಸಾರ್ವಜನಿಕ ಜಾಗದಲ್ಲಿ ಯಾರಿಗಾದರೂ ಗಾಯ ಮಾಡುವ ಉದ್ದೇಶದಿಂದ ಏನೇ ಇಟ್ಟುಕೊಂಡರೂ ಅದು ಆಯುಧವೇ. ಅಡುಗೆಮನೆಯ ಡಬ್ಬದಲ್ಲಿದ್ದರೆ ಖಾರದ ಪುಡಿ. ಕಣ್ಣಿಗೆ ಎರಚೋಣ ಅಂತ ಕೋಟಿನ ಜೇಬಿಗೆ ಹಾಕಿಕೊಂಡ ಕೂಡಲೇ ಕೇಸು. ಹೊಸಬರು ಜಾರಿ ಬೀಳುವುದು ಇಲ್ಲೇ. ಇದ್ಯಾಕೆ ಇಟ್ಟುಕೊಂಡಿದ್ದೀಯ ಅಂತ ಪೊಲೀಸರು ಕೇಳಿದರೆ, ನನ್ನ ರಕ್ಷಣೆಗೆ ಅಂತ ಪಾಪ, ನಿಜ ಹೇಳಿಬಿಡುತ್ತಾರೆ. ಆ ನಿಜವೇ ಅವರ ಮೇಲಿನ ಸಾಕ್ಷಿ.

ಚಾಕುವಿನ ಕತೆಯೂ ಹಾಗೇ. ಮಡಚುವ ಚಾಕು, ಲಾಕ್ ಆಗದಂಥದ್ದು, ಅಲಗು 3 ಇಂಚು ಅಂದರೆ 7.62 ಸೆಂಟಿಮೀಟರ್ ಮೀರದಿದ್ದರೆ ಜೇಬಲ್ಲಿ ಇರಬಹುದು. ಅದನ್ನೂ ಚುಚ್ಚಲು ಅಂತ ಇಟ್ಟುಕೊಂಡರೆ ಮತ್ತೆ 1953ರ ಕಾನೂನೇ. ಬೇರೆ ಚಾಕುವಿಗೆ ಸರಿಯಾದ ಕಾರಣ ಬೇಕು, ರಾತ್ರಿ ಭಯ ಆಗುತ್ತೆ ಅನ್ನೋದು ಆ ಲೆಕ್ಕಕ್ಕೆ ಬರುವುದಿಲ್ಲ. ಸಿಖ್ಖರ ಕಿರ್ಪಾನಿಗೆ ಧರ್ಮದ ಕಾರಣಕ್ಕೆ ವಿನಾಯಿತಿ ಇದೆ. ನಾನು ಮೊದಲ ವಾರ ಈರುಳ್ಳಿ ಹೆಚ್ಚಲು ಚಾಕು ಕೊಂಡು, ಪ್ಯಾಕ್ ಕೂಡ ಒಡೆಯದೆ, ಬಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಬಸ್ಸಲ್ಲಿ ಕಳ್ಳಿಯ ಹಾಗೆ ಕೂತಿದ್ದೆ. ಅಷ್ಟು ಹೆದರಬೇಕಿರಲಿಲ್ಲ. ಅಂಗಡಿಯಿಂದ ಮನೆಗೆ ಒಯ್ಯುವುದು ಸರಿಯಾದ ಕಾರಣವೇ.

ಹಾಗಾದರೆ ಕೈಯಲ್ಲಿ ಏನಿರಬೇಕು? ಪರ್ಸನಲ್ ಅಲಾರ್ಮ್. ಕೀಚೈನಿನಷ್ಟಿರುತ್ತದೆ, ಪಿನ್ ಎಳೆದರೆ ಕಿವಿ ಹರಿಯುವ ಹಾಗೆ ಕೂಗುತ್ತದೆ. ಪೊಲೀಸರೇ ಇಟ್ಟುಕೊಳ್ಳಿ ಅನ್ನುತ್ತಾರೆ. ಬ್ಯಾಗಿನ ತಳದಲ್ಲಿ ಹಾಕಬೇಡ, ಕೋಟಿನ ಬಲಜೇಬಲ್ಲಿ ಇರಲಿ. ಚಳಿಗಾಲದಲ್ಲಿ ಗ್ಲೌಸ್ ಹಾಕಿಕೊಂಡೇ ಪಿನ್ ಎಳೆಯಲು ಬರುತ್ತಾ ಅಂತ ಒಮ್ಮೆ ನೋಡಿಕೋ. ನನಗೆ ಬರುತ್ತಿರಲಿಲ್ಲ, ಪಿನ್ನಿಗೆ ದಾರದ ಕುಣಿಕೆ ಹಾಕಿಕೊಂಡೆ.

ಇನ್ನು ಹೊಡೆಯುವ ವಿಷಯ. ಹೊಡೆಯಬಹುದು. ಹೊಡೆಯೋಣ ಅಂತ ಮನೆಯಿಂದ ಏನನ್ನೂ ಒಯ್ಯಲು ಬಿಡದ ಕಾನೂನೇ, ಆ ಗಳಿಗೆ ಬಂದಾಗ ನಿನ್ನ ಕೈ ಕಟ್ಟುವುದಿಲ್ಲ. ಇದು ನನಗೆ ಅರ್ಥ ಆದದ್ದು ಒಂದು ನೈಟ್ ಬಸ್ಸಲ್ಲಿ.

ಬಂದ ಎರಡನೇ ಚಳಿಗಾಲ. ಬಸ್ಸಿನ ಮೇಲಿನ ಅಂತಸ್ತಿನಲ್ಲಿ, ಎಲ್ಲಕ್ಕಿಂತ ಮುಂದಿನ ಸೀಟಲ್ಲಿ ಕೂತಿದ್ದೆ. ಆ ಸೀಟಿನಿಂದ ಊರೆಲ್ಲ ಕಾಣುತ್ತದೆ ಅಂತ ಖುಷಿ ನನಗೆ. ಹಿಂದೆ ಎಲ್ಲ ಖಾಲಿ ಇದ್ದರೂ ಒಬ್ಬ ಬಂದು ಪಕ್ಕದಲ್ಲೇ ಕೂತ. ಆಗಲೇ ಎದ್ದು ಕೆಳಗೆ ಹೋಗಬೇಕಿತ್ತು. ಅವನಿಗೆ ಬೇಜಾರಾಗಬಹುದು ಅಂತ ಕೂತೇ ಇದ್ದೆ ನೋಡು, ನಮ್ಮನ್ನು ಬೆಳೆಸಿರುವ ರೀತಿಯೇ ಹಾಗೆ. ತೊಡೆ ಮೇಲೆ ಕೈ ಇಟ್ಟ. ಗಟ್ಟಿಯಾಗಿ ಬೇಡ ಅಂದೆ. ಎದ್ದಾಗ ಮಣಿಕಟ್ಟು ಹಿಡಿದು ಎಳೆದ. ನಾನು ಇನ್ನೊಂದು ಮೊಣಕೈಯಿಂದ ಅವನ ಮುಖಕ್ಕೆ ಕೊಟ್ಟೆ. ಮೂಗಿನಿಂದ ರಕ್ತ ಬಂತು, ಕೈ ಬಿಟ್ಟ. ತೂಗಾಡುವ ಬಸ್ಸಿನ ಮೆಟ್ಟಿಲು ಹೇಗೆ ಇಳಿದೆನೋ ನೆನಪಿಲ್ಲ, ಕಂಬಿಯ ಹಳದಿ ಬಣ್ಣ ಮಾತ್ರ ನೆನಪಿದೆ. ಡ್ರೈವರ್ ಬಸ್ ನಿಲ್ಲಿಸಿ ಪೊಲೀಸರನ್ನು ಕರೆದರು.

ಹೇಳಿಕೆ ಬರೆದುಕೊಂಡ ಮಹಿಳಾ ಪೊಲೀಸ್ ಮೂರು ಮಾತು ಕೇಳಿದರು. ಆ ಗಳಿಗೆಯಲ್ಲಿ ನಿನಗೆ ಏನಾಗುತ್ತದೆ ಅನ್ನಿಸಿತು? ಎಷ್ಟು ಸಲ ಹೊಡೆದೆ? ಅವನು ಕೈ ಬಿಟ್ಟ ಮೇಲೆ ಮತ್ತೆ ಹೊಡೆದೆಯಾ? ಆಮೇಲೆ ಓದಿ ನೋಡಿದರೆ, ಇಂಗ್ಲೆಂಡಿನ ಆತ್ಮರಕ್ಷಣೆಯ ಕಾನೂನು ಹೆಚ್ಚುಕಡಿಮೆ ಆ ಮೂರು ಪ್ರಶ್ನೆಯಲ್ಲೇ ಇದೆ.

ಮೊದಲನೆಯದು ನಿನ್ನ ನಂಬಿಕೆ. ಅಪಾಯ ಇದೆ ಅಂತ ನೀನು ಪ್ರಾಮಾಣಿಕವಾಗಿ ನಂಬಿದ್ದರೆ, ಆ ನಂಬಿಕೆ ಆಮೇಲೆ ತಪ್ಪು ಅಂತ ಗೊತ್ತಾದರೂ ಕಾನೂನು ಅದನ್ನೇ ಹಿಡಿದು ನೋಡುತ್ತದೆ. ಕುಡಿದ ಅಮಲಲ್ಲಿ ತಪ್ಪು ತಿಳಿದಿದ್ದರೆ ಮಾತ್ರ ನಡೆಯುವುದಿಲ್ಲ. ಅವನೇ ಮೊದಲು ಹೊಡೆಯಲಿ ಅಂತ ಕಾಯಬೇಕಾಗಿಯೂ ಇಲ್ಲ. ಎರಡನೆಯದು ಅಳತೆ. ಇಲ್ಲಿ ರೀಸನೆಬಲ್ ಫೋರ್ಸ್ ಅನ್ನುತ್ತಾರೆ, ಸಂದರ್ಭಕ್ಕೆ ತಕ್ಕಷ್ಟು ಬಲ. 1967ರ ಕ್ರಿಮಿನಲ್ ಲಾ ಆಕ್ಟಿನಲ್ಲಿ ಈ ಮಾತಿದೆ, 2008ರ ಇನ್ನೊಂದು ಕಾನೂನು ಬಿಡಿಸಿ ಹೇಳಿದೆ. ಹೆದರಿದವರು ಎಷ್ಟು ಹೊಡೆಯಬೇಕು ಅಂತ ತಕ್ಕಡಿ ಹಿಡಿದು ತೂಗಲು ಆಗಲ್ಲ ಅನ್ನೋದನ್ನು 1971ರಲ್ಲೇ ಪ್ರಿವಿ ಕೌನ್ಸಿಲ್ (ಕೆಲವು ಕಾಮನ್‌ವೆಲ್ತ್ ದೇಶಗಳ ಕೊನೆಯ ಮೇಲ್ಮನವಿ ಕೇಳುವ ಲಂಡನ್ನಿನ ಕೋರ್ಟು) ಒಪ್ಪಿತ್ತು, ಜಮೈಕಾದಿಂದ ಬಂದ ಒಂದು ಕೇಸಿನಲ್ಲಿ. ಕೈಗೆ ಸಿಕ್ಕ ಛತ್ರಿಯಿಂದ ಹೊಡೆದರೆ ಮಳೆಗೆ ಅಂತ ತಂದ ಛತ್ರಿ ಆಯುಧ ಆಗಿಬಿಡುವುದಿಲ್ಲ. ಹಾಗಂತ ತಳ್ಳಿದವನ ತಲೆ ಒಡೆಯುವಂತಿಲ್ಲ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಅವನು ಬಿಟ್ಟ, ಬಿದ್ದ, ಅಥವಾ ಓಡಿದ ಅಂದಮೇಲೆ ಕೊಡುವ ಒಂದೇ ಒಂದು ಏಟು ಕೂಡ ರಕ್ಷಣೆ ಅಲ್ಲ, ಸೇಡು. ಅವತ್ತು ಇನ್ನೊಂದು ಕೊಡುವ ಆಸೆ ನನಗೆ ತುಂಬಾ ಇತ್ತು. ಕೊಡಲಿಲ್ಲ, ಧೈರ್ಯ ಸಾಲದೆ. ಅದೇ ಒಳ್ಳೆಯದಾಯಿತು. ನನ್ನ ಮೇಲೆ ಕೇಸಾಗಲಿಲ್ಲ. ಅವನ ಕೇಸು ಮುಗಿಯಲು ಒಂದೂವರೆ ವರ್ಷ ಹಿಡಿಯಿತು, ಅದು ಬೇರೆ ಗೋಳು.

ಓಡಿಹೋಗಲೇಬೇಕಾ ಅಂತಲೂ ಕೇಳಿದ್ದೀಯ. ಇಂಗ್ಲೆಂಡಿನಲ್ಲಿ ಹಾಗೆ ಕಡ್ಡಾಯ ಇಲ್ಲ. ಆದರೆ ತಪ್ಪಿಸಿಕೊಳ್ಳುವ ದಾರಿ ಇತ್ತಾ ಅಂತ ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸ್ಕಾಟ್‌ಲೆಂಡಿಗೆ ಹೋದರೆ ಕಾನೂನೇ ಬೇರೆ. ಅಲ್ಲಿ ತಪ್ಪಿಸಿಕೊಳ್ಳಲು ದಾರಿ ಇದ್ದರೆ ಅದನ್ನೇ ಹಿಡಿಯಬೇಕು ಅನ್ನುತ್ತಾರೆ. ಕಾನೂನು ಹಾಗಿರಲಿ, ನನ್ನ ಅಭಿಪ್ರಾಯ ಕೇಳಿದರೆ, ಓಡು. ಓಡುವ ಶೂ ಹಾಕಿಕೋ.

ವೀಸಾ ಚಿಂತೆಗೆ ಒಂದೇ ಮಾತು ಹೇಳುತ್ತೇನೆ, ಇದನ್ನು ನೆನಪಿಟ್ಟುಕೋ. ಎಂದಾದರೂ ಪೊಲೀಸರು ನಿನ್ನನ್ನು ಸ್ಟೇಷನ್ನಿಗೆ ಕರೆದೊಯ್ದು ಪ್ರಶ್ನೆ ಕೇಳಿದರೆ, ಮೊದಲು ಸಾಲಿಸಿಟರ್, ಅಂದರೆ ವಕೀಲರು, ಬೇಕು ಅನ್ನು. ಸ್ಟೇಷನ್ನಿನಲ್ಲಿ ಅದು ಎಲ್ಲರಿಗೂ ಉಚಿತ. ಇಂಗ್ಲಿಷಲ್ಲಿ ತಡವರಿಸಿದರೆ ದುಭಾಷಿ ಕೂಡ ಉಚಿತ. ಬೇಗ ಮನೆಗೆ ಹೋಗಬಹುದು ಅನ್ನೋ ಆಸೆಗೆ ಕಾಷನ್ ಅಂತ ಒಂದಕ್ಕೆ ಸಹಿ ಹಾಕಬೇಡ. ಸುಮ್ನೆ ಎಚ್ಚರಿಕೆ ಅಂತ ಕೇಳಿಸುತ್ತದೆ, ಆದರೆ ಅದು ತಪ್ಪೊಪ್ಪಿಗೆ. ವೀಸಾ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದೆ ಅಂತ ಹೆದರಿ ಕೂರಬೇಡ. ಹತ್ತೊಂಬತ್ತು ವರ್ಷದಲ್ಲಿ ಹೊಡೆಯಬೇಕಾಗಿ ಬಂದದ್ದು ಆ ಒಂದು ಸಲ. ನಿನಗೆ ಜಾಸ್ತಿ ಅಪಾಯ ಇರುವುದು ನಿನ್ನ ಫೋನಿಗೆ. ಸ್ಟೇಷನ್ನಿನಿಂದ ಹೊರಬಂದು ಮ್ಯಾಪ್ ನೋಡುತ್ತಾ ಫುಟ್‌ಪಾತಿನ ಅಂಚಿಗೆ ನಿಲ್ಲುತ್ತೀಯಲ್ಲ, ಅಲ್ಲೇ. ಎಲೆಕ್ಟ್ರಿಕ್ ಬೈಕಿನಲ್ಲಿ ಸದ್ದಿಲ್ಲದೆ ಬಂದು ಕಿತ್ತುಕೊಂಡು ಹೋಗುತ್ತಾರೆ. ನನ್ನದು ಹೋದಾಗ ಕೈ ಇನ್ನೂ ಫೋನ್ ಹಿಡಿದ ಹಾಗೇ ಇತ್ತು. ಹಿಂದೆ ಓಡಬೇಡ. ದಾರಿ ನೋಡೋದಿದ್ದರೆ ಗೋಡೆಗೆ ಬೆನ್ನು ಕೊಟ್ಟು ನಿಂತು ನೋಡು. ಇವತ್ತೇ *#06# ಒತ್ತಿ ಐಎಂಇಐ ನಂಬರು, ಅಂದರೆ ನಿನ್ನ ಫೋನಿನ ಗುರುತಿನ ಸಂಖ್ಯೆ, ಬರೆದಿಟ್ಟುಕೋ, ಪೊಲೀಸರು ಅದನ್ನು ಕೇಳುತ್ತಾರೆ.

ರೈಲಲ್ಲೋ ಟ್ಯೂಬಲ್ಲೋ (ಇಲ್ಲಿನ ಮೆಟ್ರೋ) ಯಾರಾದರೂ ಕಾಟ ಕೊಟ್ಟರೆ 61016ಕ್ಕೆ ಮೆಸೇಜ್ ಹಾಕು, ರೈಲ್ವೆ ಪೊಲೀಸರಿಗೆ ಹೋಗುತ್ತದೆ. ಮಾತಾಡದೇ ತಿಳಿಸಬಹುದು. ಜೀವಕ್ಕೆ ಅಪಾಯ ಅಂದರೆ 999. ಮಾತಾಡುವ ಹಾಗಿಲ್ಲ ಅಂತಾದರೆ ಮೊಬೈಲಿನಿಂದ 999 ಒತ್ತಿ, ಅವರು ಹೇಳಿದಾಗ 55 ಒತ್ತು. ಸುಮ್ನೆ ಫೋನ್ ಹಿಡಿದು ಕೂತರೆ ತಾನಾಗಿ ಪೊಲೀಸರು ಬರುವುದಿಲ್ಲ, ಆ 55 ಮುಖ್ಯ. ಟ್ಯಾಕ್ಸಿಯಾದರೆ ಬ್ಲ್ಯಾಕ್ ಕ್ಯಾಬಿಗೆ ಮಾತ್ರ ರಸ್ತೆಯಲ್ಲಿ ಕೈ ತೋರಿಸು. ಮಿನಿಕ್ಯಾಬ್, ಅಂದರೆ ಖಾಸಗಿ ಬಾಡಿಗೆ ಕಾರು, ಮುಂಚೆಯೇ ಬುಕ್ ಆಗಿರಬೇಕು. ತಾನಾಗಿ ಬಂದು ಹತ್ತು ಅನ್ನುವವನ ಗಾಡಿ ಹತ್ತಬೇಡ.

2021ರ ಮಾರ್ಚ್‌ನಲ್ಲಿ ಸಾರಾ ಎವೆರಾರ್ಡ್ ಎಂಬ ಹುಡುಗಿಯನ್ನು ಲಂಡನ್ ಪೊಲೀಸನೇ ಒಬ್ಬ ತನ್ನ ಗುರುತಿನ ಕಾರ್ಡ್ ತೋರಿಸಿ ಕರೆದೊಯ್ದು ಕೊಂದ. ಒಬ್ಬನೇ ಇರುವ ಮಫ್ತಿ ಪೊಲೀಸ್ ಯಾರನ್ನಾದರೂ ತಡೆದರೆ, ಕಂಟ್ರೋಲ್ ರೂಮಿಗೆ ವಿಡಿಯೋ ಕಾಲ್ ಮಾಡಿ ತಾನು ಯಾರೆಂದು ತೋರಿಸುವ ಏರ್ಪಾಟು ಆ ವರ್ಷವೇ ಬಂತು. ಅಂಥ ಸಂದರ್ಭ ಬಂದರೆ ಕೇಳು. ಸಂಕೋಚ ಬೇಡ.

ಅಮ್ಮನಿಗೆ ಇದನ್ನೆಲ್ಲ ವಿವರಿಸುವುದು ಕಷ್ಟ, ಗೊತ್ತು. ಡಬ್ಬಿ ಒಪ್ಪಿಸಿದೆ ಅಂದರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ ಅವರು. ಅಲಾರ್ಮ್ ತಂದ ದಿನ ವಿಡಿಯೋ ಕಾಲ್ ಮಾಡಿ ಪಿನ್ ಎಳೆದು ತೋರಿಸು. ನಾನು ನಮ್ಮಮ್ಮನಿಗೆ ಹಾಗೇ ಮಾಡಿದ್ದೆ. ಆ ಕಡೆ ಅಮ್ಮ ನಗುತ್ತಿದ್ದರು. ಈ ಕಡೆ ಪಿನ್ ಎಲ್ಲಿ ಬಿತ್ತು ಅಂತ ಮಂಚದ ಕೆಳಗೆ ನಾನು ಹುಡುಕುತ್ತಿದ್ದೆ, ಪಕ್ಕದ ಮನೆಯವರು ಬಾಗಿಲು ಬಡಿಯುತ್ತಿದ್ದರು.