ಓದುಗರ ಪ್ರಶ್ನೆ: ‘ಐ ವಿಲ್’ ಎನ್ನಬೇಕೋ, ‘ಐ ವುಡ್’ ಎನ್ನಬೇಕೋ?

ಪ್ರಶ್ನೆ: ದಾಲ್ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ಹೊರರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ಕಳೆದ ತಿಂಗಳು ತೊಗರಿಬೇಳೆಯ ಲೋಡಿನ ಬಗ್ಗೆ ಬರೆಯುತ್ತ ‘ಐ ವುಡ್ ಸೆಂಡ್ ದ ಬಿಲ್ ಟುಮಾರೊ’ ಎಂದಿದ್ದೆ. ಅದನ್ನು ಓದಿದ ವ್ಯಾಪಾರಿ ಫೋನ್ ಮಾಡಿ, ಬಿಲ್ಲು ಕಳಿಸುವುದು ಖಚಿತವೋ ಅಥವಾ ಏನಾದರೂ ಅಡ್ಡಿಯಿದೆಯೋ ಎಂದು ಕೇಳಿದರು. ‘ವಿಲ್’ ಒರಟು, ‘ವುಡ್’ ವಿನಯ ಎಂದೇ ನಾನು ತಿಳಿದಿದ್ದೆ. ತಪ್ಪು ಎಲ್ಲಿದೆ?
— ಓದುಗರೊಬ್ಬರು, ಕಲಬುರಗಿ

ಉತ್ತರ: ವ್ಯಾಪಾರಿ ನಿಮ್ಮ ವಾಕ್ಯವನ್ನು ಸರಿಯಾಗಿಯೇ ಓದಿದ್ದಾರೆ. ‘ನಾಳೆ ಬಿಲ್ಲು ಕಳಿಸುತ್ತಿದ್ದೆ’ ಎಂದು ಕನ್ನಡದಲ್ಲಿ ಬರೆದು ಅಲ್ಲಿಗೇ ನಿಲ್ಲಿಸಿದರೆ ಓದಿದವರು ‘ಆದರೆ’ ಎಂಬ ಮಾತಿಗಾಗಿ ಕಾಯುತ್ತಾರಲ್ಲವೇ? ಇಂಗ್ಲಿಷಿನಲ್ಲಿ ನೀವು ಬರೆದದ್ದೂ ಹೆಚ್ಚುಕಡಿಮೆ ಅದೇ. ಕಳಿಸುವುದು ನಿಶ್ಚಯವಾಗಿದ್ದರೆ ‘ಐ ವಿಲ್ ಸೆಂಡ್’ ಎನ್ನಬೇಕು. ಅದರಲ್ಲಿ ಒರಟುತನವೇನೂ ಇಲ್ಲ.

‘ವುಡ್’ ಎಂಬುದು ‘ವಿಲ್’ ಎಂಬುದರ ಭೂತರೂಪ, ಮತ್ತು ಹಳೆಯ ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ‘ಬಯಸು’ ಎಂಬ ಅರ್ಥವಿತ್ತು. ನಡೆಯುವ ಸಂಗತಿಯನ್ನು ಭೂತರೂಪದಲ್ಲಿ ಹೇಳಿ ಅದನ್ನು ವಾಸ್ತವದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಸುವ ಉಪಾಯ ನಮಗೂ ಹೊಸದಲ್ಲ. ‘ನೀವು ಕರೆದಿದ್ದರೆ ಬರುತ್ತಿದ್ದೆ’ ಎನ್ನುವಾಗ ನಾವು ಬರಲಿಲ್ಲವೆಂಬುದು ಕೇಳುವವರಿಗೆ ಗೊತ್ತು. ಇಂಗ್ಲಿಷಿನಲ್ಲಿ ಅದು ‘ಐ ವುಡ್ ಹ್ಯಾವ್ ಕಮ್’ ಆಗುತ್ತದೆ. ಆದರೆ ‘ಕರೆದಿದ್ದರೆ’ ಎಂಬ ಭಾಗದಲ್ಲಿ ಕನ್ನಡ ‘ಬರುತ್ತಿದ್ದೆ’ಯ ರೂಪವನ್ನು ಬಳಸುವುದಿಲ್ಲ, ಬರಹದ ಇಂಗ್ಲಿಷೂ ಅಲ್ಲಿ ‘ವುಡ್’ ಒಪ್ಪುವುದಿಲ್ಲ. ‘ಇಫ್ ಯು ಹ್ಯಾಡ್ ಕಾಲ್ಡ್ ಮಿ’ ಎಂದೇ ಬರೆಯಬೇಕು, ‘ಇಫ್ ಯು ವುಡ್ ಹ್ಯಾವ್ ಕಾಲ್ಡ್’ ಎಂದಲ್ಲ.

ನೀವು ಹೇಳುವ ವಿನಯ ನಿಜವಾಗಿ ಇರುವುದು ಕೇಳಿಕೊಳ್ಳುವ ಮಾತಿನಲ್ಲಿ. ತಹಶೀಲ್ದಾರರ ಕಚೇರಿಯ ಕಿಟಕಿಯ ಮುಂದೆ ನಿಂತ ನಮ್ಮ ಭಾಗದ ರೈತರು ‘ಒಂದು ಪಹಣಿ ಬೇಕಾಗಿತ್ರಿ’ ಎನ್ನುತ್ತಾರೆ. ಪಹಣಿ ಬೇಕಾಗಿರುವುದು ಈಗಲೇ. ಆದರೂ ‘ಬೇಕು’ ಎಂದು ಎದುರಿಗಿಡದೆ ‘ಬೇಕಾಗಿತ್ತು’ ಎಂದು ತುಸು ದೂರ ನಿಲ್ಲಿಸಿ ಕೇಳುವುದರಲ್ಲಿ ಮರ್ಯಾದೆಯಿದೆ. ‘ಐ ವುಡ್ ಲೈಕ್ ಅ ಕಾಪಿ’ ಎಂಬ ಇಂಗ್ಲಿಷ್ ವಾಕ್ಯ ಮಾಡುವುದೂ ಇದನ್ನೇ. ನನಗಂತೂ ವ್ಯಾಕರಣದ ಪುಸ್ತಕಗಳ ವಿವರಣೆಗಿಂತ ಆ ಕಿಟಕಿಯ ಮಾತು ಈ ಪ್ರಯೋಗವನ್ನು ಚೆನ್ನಾಗಿ ತಿಳಿಸಿದೆ. ಹಣ ಬಾಕಿಯಿರುವ ವ್ಯಾಪಾರಿಗೆ ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಪೇ ದಿಸ್ ವೀಕ್’ ಎಂದು ಧಾರಾಳವಾಗಿ ಬರೆಯಿರಿ. ಆದರೆ ನೀವು ಮಾತು ಕೊಡುವಾಗ ‘ವುಡ್’ ಬೇಡ, ಏಕೆಂದರೆ ಅಲ್ಲಿ ಅದು ವಿನಯವಾಗದೆ ಹಿಂಜರಿಕೆಯಾಗುತ್ತದೆ.

ಕನ್ನಡದ ಸಾಮ್ಯವನ್ನು ಎಲ್ಲೆಡೆ ನೆಚ್ಚಿಕೊಳ್ಳಲಾಗದು. ‘ಚಿಕ್ಕವನಿದ್ದಾಗ ಪ್ರತಿ ವರ್ಷ ಶರಣಬಸವೇಶ್ವರರ ಜಾತ್ರೆಗೆ ಹೋಗುತ್ತಿದ್ದೆ’ ಎಂಬುದಕ್ಕೆ ‘ಐ ವುಡ್ ಗೋ’ ಸರಿಹೊಂದುತ್ತದೆ. ‘ಆಗ ನಾವು ಬೀದರಿನಲ್ಲಿ ಇರುತ್ತಿದ್ದೆವು’ ಎಂಬುದಕ್ಕೆ ಮಾತ್ರ ‘ವಿ ವುಡ್ ಲಿವ್’ ಆಗದು, ‘ವಿ ಯೂಸ್ಡ್ ಟು ಲಿವ್’ ಆಗಬೇಕು. ಮತ್ತೆ ಮತ್ತೆ ನಡೆಯುವ ಕೆಲಸಕ್ಕೆ ‘ವುಡ್’ ಬರುತ್ತದೆಯೇ ಹೊರತು ಮುಂದುವರಿದ ಸ್ಥಿತಿಗೆ ಬರುವುದಿಲ್ಲ. ಇನ್ನೊಂದು ಕಡೆ ಕನ್ನಡ ಬದಲಾಗದಿದ್ದರೂ ಇಂಗ್ಲಿಷ್ ಬದಲಾಗುತ್ತದೆ: ‘ಬರುತ್ತೇನೆ ಎಂದು ಹೇಳಿದ್ದೆ’ ಎಂಬಲ್ಲಿ ‘ಬರುತ್ತೇನೆ’ ಹಾಗೆಯೇ ಉಳಿದರೂ ಇಂಗ್ಲಿಷಿನಲ್ಲಿ ‘ಐ ಸೆಡ್ ಐ ವುಡ್ ಕಮ್’ ಎನ್ನಬೇಕಾಗುತ್ತದೆ.

ಪ್ರಶ್ನೆ: ‘ಐಡ್’ ಎಂಬ ಕಿರುರೂಪ ಕಂಡಾಗ ಅದು ‘ಐ ವುಡ್’ ಎಂದೋ ‘ಐ ಹ್ಯಾಡ್’ ಎಂದೋ ತಿಳಿಯುವುದು ಹೇಗೆ?
— ಪದವಿ ವಿದ್ಯಾರ್ಥಿನಿ, ಬೀದರ್

ಉತ್ತರ: ಮುಂದಿನ ಕ್ರಿಯಾಪದವನ್ನು ನೋಡಿ. ‘ಐಡ್ ಗೋ’ ಎಂದು ಮೂಲರೂಪ ಬಂದರೆ ‘ವುಡ್’, ‘ಐಡ್ ಗಾನ್’ ಎಂದು ಬಂದರೆ ‘ಹ್ಯಾಡ್’. ‘ಐಡ್ ಬೆಟರ್ ಗೋ’ ಎಂಬುದೊಂದು ಅಪವಾದ. ಮೂಲರೂಪವಿದ್ದರೂ ಅದು ‘ಹ್ಯಾಡ್ ಬೆಟರ್’. ಅಂದಹಾಗೆ, ‘ವುಡ್’ ಎಂದು ಉಚ್ಚರಿಸುವಾಗ ನಾವು ಬಿಟ್ಟುಬಿಡುವ ‘ಎಲ್’ ಅಕ್ಷರ ಹಿಂದೆ ಉಚ್ಚಾರದಲ್ಲಿತ್ತು. ‘ಕುಡ್’ ಎಂಬುದರಲ್ಲಿ ಅದು ಮೂಲತಃ ಇರಲೇ ಇಲ್ಲ, ‘ವುಡ್’ ಮತ್ತು ‘ಶುಡ್’ಗಳನ್ನು ನೋಡಿ ಬರೆಯುವವರು ಆಮೇಲೆ ಸೇರಿಸಿದ್ದು.

ಪ್ರಶ್ನೆ: ‘ಐ’ ಮತ್ತು ‘ವಿ’ ಜೊತೆಗೆ ‘ಶಲ್’ ಮಾತ್ರ ಬರಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಈಗಲೂ ಹಾಗೆಯೇ?
— ನಿವೃತ್ತ ಶಿಕ್ಷಕರು, ಯಾದಗಿರಿ

ಉತ್ತರ: ಈ ನಿಯಮವನ್ನು 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞರು ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಕಾಣಬಹುದು. ಜನರ ಮಾತು ಅದನ್ನು ಪೂರ್ತಿಯಾಗಿ ಎಂದೂ ಪಾಲಿಸಲಿಲ್ಲ. ಇಂದು ‘ಐ ವಿಲ್’ ಎಂದು ಬರೆದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಪ್ರಶ್ನೆಯಲ್ಲಿ ಮಾತ್ರ ‘ಶಲ್’ ತನ್ನ ಜಾಗವನ್ನು ಬಿಟ್ಟುಕೊಟ್ಟಿಲ್ಲ. ‘ನಾನು ಬರಲೇ?’ ಎಂದು ಅನುಮತಿ ಕೇಳಲು ‘ಶಲ್ ಐ ಕಮ್?’ ಎನ್ನಬೇಕು, ‘ವಿಲ್ ಐ ಕಮ್?’ ಎಂದರೆ ನಾನು ಬರುತ್ತೇನೋ ಇಲ್ಲವೋ ಎಂದು ಎದುರಿನವರನ್ನೇ ಭವಿಷ್ಯ ಕೇಳಿದಂತಾಗುತ್ತದೆ.