ಜಿನೀವಾದ ತೈಲ ವ್ಯಾಪಾರಕ್ಕೆ ಬರುವ ತಮ್ಮನಿಗೆ

ತಮ್ಮಾ, ಪಣಂಬೂರಿನ ಶಿಪ್ಪಿಂಗ್ ಏಜೆನ್ಸಿ ಬಿಟ್ಟು ಜಿನೀವಾಕ್ಕೆ ಬರುವವನಿದ್ದೀಯ. "ಅಕ್ಕಾ, ವಿಟೋಲ್ ತರಹದ ಖಾಸಗಿ ತೈಲ ವ್ಯಾಪಾರ ಕಂಪನಿಗಳು ಎಣ್ಣೆ ಬಾವಿ ನಂಬಿಕೊಂಡಿಲ್ಲ, ಮತ್ತೆ ದುಡ್ಡು ಎಲ್ಲಿಂದ? ಹಡಗು, ಸರಕು, ಕಾಗದಪತ್ರ ನೋಡಿಕೊಳ್ಳುವ ಆಪರೇಷನ್ಸ್ ಕೆಲಸ ಹೇಗಿರುತ್ತದೆ?" ಅಂತ ಕೇಳಿದ್ದೀಯ. ವರ್ಷಾನುಗಟ್ಟಲೆ ಇದೇ ಊರಲ್ಲಿ ಇದೇ ಕೆಲಸ ಮಾಡಿದ್ದೇನೆ, ಹೇಳುತ್ತೇನೆ ಕೇಳು.

ಬೆಲೆ ಏರುತ್ತದೋ ಇಳಿಯುತ್ತದೋ ಅಂತ ಜೂಜಾಡುತ್ತಾರೆ ಅಂತಲೇ ಹೊರಗಿನವರ ಎಣಿಕೆ. ಆದರೆ ದಿನನಿತ್ಯದ ಸಂಪಾದನೆ ಇರುವುದು ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ, ಇವತ್ತಿಗೂ ಮುಂದಿನ ತಿಂಗಳಿಗೂ ಇರುವ ಬೆಲೆ ವ್ಯತ್ಯಾಸದಲ್ಲಿ.

ನೈಜೀರಿಯಾದಿಂದ 10 ಲಕ್ಷ ಬ್ಯಾರೆಲ್ ಕಚ್ಚಾ ತೈಲ ಹೊರಟಿತು ಅಂದುಕೋ. ಕೊಳ್ಳುವುದು ಲೋಡಿಂಗ್ ಹೊತ್ತಿನ ಬ್ರೆಂಟ್ (ಕಚ್ಚಾ ತೈಲಕ್ಕೆ ಮಾನದಂಡವಾದ ಬೆಲೆ) ಸರಾಸರಿಗೆ, ಮಾರುವುದು ಹಡಗು ಮುಟ್ಟುವ ಹೊತ್ತಿನ ಸರಾಸರಿಗೆ. ನಡುವೆ ಬ್ಯಾರೆಲ್‌ಗೆ ಒಂದೇ ಡಾಲರ್ ಇಳಿದರೂ 10 ಲಕ್ಷ ಡಾಲರ್ ಹೋಯಿತು ಅಲ್ವಾ? ಅದಕ್ಕೇ ಅಷ್ಟೇ ಪ್ರಮಾಣದ ಬ್ರೆಂಟ್ ಫ್ಯೂಚರ್ಸ್, ಅಂದರೆ ಮುಂದಿನ ದಿನಕ್ಕೆ ಈಗಲೇ ಬೆಲೆ ಕಟ್ಟುವ ಒಪ್ಪಂದಗಳನ್ನು, ಮೊದಲೇ ಮಾರಿಡುತ್ತಾರೆ. ಸರಕಿನಲ್ಲಿ ಹೋದದ್ದು ಬಹುಮಟ್ಟಿಗೆ ಅಲ್ಲಿ ವಾಪಸ್ ಬರುತ್ತದೆ. ಕೈಯಲ್ಲಿ ಉಳಿಯುವುದು ಸಣ್ಣ ಅಂತರ. ಹಾಗಾಗಿ ವಹಿವಾಟು ದೊಡ್ಡದಿರಲೇಬೇಕು. ವಿಟೋಲ್ 2022ರಲ್ಲಿ ದಿನಕ್ಕೆ 70 ಲಕ್ಷ ಬ್ಯಾರೆಲ್‌ಗಿಂತ ಜಾಸ್ತಿ ವ್ಯಾಪಾರ ಮಾಡಿತು, ಆ ವರ್ಷದ ವಹಿವಾಟು 50,000 ಕೋಟಿ ಡಾಲರ್ ದಾಟಿತ್ತು.

ಹಡಗು ಸುಮ್ನೆ ನಿಂತರೆ ಆ ಸಣ್ಣ ಅಂತರವೂ ಕರಗುತ್ತದೆ. ನಿನ್ನ ಕೆಲಸ ಅಲ್ಲೇ. ನೋಟಿಸ್ ಆಫ್ ರೆಡಿನೆಸ್ (ಹಡಗು ಸಿದ್ಧ ಅನ್ನುವ ಸೂಚನೆ) ಎಷ್ಟು ಗಂಟೆಗೆ ಕೊಟ್ಟರು, ಲೇಟೈಮ್ (ಸರಕು ತುಂಬಿ ಇಳಿಸಲು ಒಪ್ಪಿದ ಸಮಯ) ಯಾವಾಗ ಶುರುವಾಯಿತು, ಪಂಪ್ ನಿಂತದ್ದು ಯಾರ ಲೆಕ್ಕಕ್ಕೆ ಅನ್ನುವುದರ ಮೇಲೇ ಡೆಮರೇಜ್, ಅಂದರೆ ಆ ಸಮಯ ಮೀರಿದರೆ ಹಡಗಿನವರಿಗೆ ಕೊಡುವ ಹಣದ ಜಗಳ ನಡೆಯುವುದು. ಹಡಗಿನ ಅಳತೆಗೂ ದಡದ ಟ್ಯಾಂಕಿನ ಅಳತೆಗೂ ತಾಳೆಯಾಗದಿದ್ದರೆ ಮೊದಲ ಫೋನ್ ನಿನಗೇ. ಸರಕಿನ ಒಡೆತನ ತೋರಿಸುವ ಒರಿಜಿನಲ್ ಬಿಲ್ ಆಫ್ ಲೇಡಿಂಗ್ ಇನ್ನೂ ಬ್ಯಾಂಕುಗಳ ನಡುವೆ ಸುತ್ತುತ್ತಿರುವಾಗಲೇ ಹಡಗು ಬಂದರು ಮುಟ್ಟಿರುತ್ತದೆ. ಆಗ ಲೆಟರ್ ಆಫ್ ಇಂಡೆಮ್ನಿಟಿ (ನಷ್ಟವಾದರೆ ತುಂಬಿಕೊಡುವ ಭರವಸೆ ಪತ್ರ) ಕೊಟ್ಟು ಸರಕು ಇಳಿಸಿಕೊಳ್ಳುತ್ತಾರೆ. ಸರಕು ತಪ್ಪು ಕೈ ಸೇರಿದರೆ ಆ ಕಾಗದ ಕೊಟ್ಟವರೇ ಹೊಣೆ, ಒಂದೊಂದು ಸಾಲನ್ನೂ ಓದಿಯೇ ಕಳಿಸು. ಎಂಆರ್‌ಪಿಎಲ್ ರಿಫೈನರಿಗೆ ಬರುವ ಹಡಗುಗಳನ್ನು ನೋಡಿಕೊಂಡ ನಿನಗೆ ಇದೆಲ್ಲ ಹೊಸದಲ್ಲ. ಆ ಅನುಭವಕ್ಕೆ ಇಲ್ಲಿ ನಿಜವಾಗಿ ಬೆಲೆ ಇದೆ.

ಇಂಥ ಕಂಪನಿಗಳು ಷೇರುಪೇಟೆಯಲ್ಲಿ ಇಲ್ಲ. ವಿಟೋಲ್ ಆಗಲಿ ಟ್ರಾಫಿಗುರಾ ಆಗಲಿ, ಒಳಗೆ ದುಡಿಯುವವರೇ ಒಡೆಯರು. ಅದಕ್ಕೇ ಎಲ್ಲರಿಗೂ ಹುಮ್ಮಸ್ಸು ಜಾಸ್ತಿ, ಒತ್ತಡವೂ ಜಾಸ್ತಿ. ಕೆಟ್ಟ ಮುಖವೂ ಇದೆ, ಮುಚ್ಚಿಡುವುದಿಲ್ಲ. ಬ್ರೆಜಿಲ್, ಈಕ್ವೆಡಾರ್, ಮೆಕ್ಸಿಕೊದಲ್ಲಿ ಲಂಚ ಕೊಟ್ಟ ಪ್ರಕರಣದಲ್ಲಿ ವಿಟೋಲ್ 2020ರಲ್ಲಿ ಅಮೆರಿಕ, ಬ್ರೆಜಿಲ್ ಎರಡಕ್ಕೂ ಸೇರಿ 16 ಕೋಟಿ ಡಾಲರ್‌ಗಿಂತ ಹೆಚ್ಚು ಕಟ್ಟಲು ಒಪ್ಪಿತು. ಇದೇ ವ್ಯಾಪಾರದ ಗುನ್ವೋರ್, ಟ್ರಾಫಿಗುರಾ ಕೂಡ 2024ರಲ್ಲಿ ಲಂಚದ ಪ್ರಕರಣಗಳಲ್ಲೇ ದಂಡಕ್ಕೆ ಒಳಗಾದವು. ಯಾವುದೋ ಏಜೆಂಟ್‌ಗೆ "ಸೇವಾ ಶುಲ್ಕ" ಅಂತ ಬಿಲ್ ಬಂದರೆ, ಎಷ್ಟೇ ಅವಸರ ಮಾಡಿದರೂ ಕಂಪ್ಲಯನ್ಸ್‌ನವರನ್ನು (ಕಾನೂನು ಪಾಲನೆ ನೋಡಿಕೊಳ್ಳುವವರನ್ನು) ಕೇಳದೆ ಸಹಿ ಹಾಕಬೇಡ.

ಹಡಗಿಗೆ ಭಾನುವಾರ ಇಲ್ಲ, ಫೋನ್ ಪಕ್ಕದಲ್ಲೇ ಇರಬೇಕು. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಮನೆ ಹುಡುಕಲು ಫ್ರೆಂಚ್ ಬೇಕು. ಮನೆಗೆ ಮೂರು ತಿಂಗಳ ಬಾಡಿಗೆಯವರೆಗೂ ಠೇವಣಿ ಕೇಳುತ್ತಾರೆ. ಬಂದ ಮೂರು ತಿಂಗಳೊಳಗೆ ಆರೋಗ್ಯ ವಿಮೆಯನ್ನೂ ಮಾಡಿಸಲೇಬೇಕು. ನಮ್ಮಂಥವರ ವರ್ಕ್ ಪರ್ಮಿಟ್‌ಗೆ ವರ್ಷಕ್ಕಿಷ್ಟೇ ಅಂತ ಕೋಟಾ ಇದೆ, ಅರ್ಜಿ ಹಾಕಬೇಕಾದ್ದು ಕಂಪನಿಯೇ. ಆಫರ್ ಲೆಟರ್ ನೋಡಿ ಈಗಲೇ ರಾಜೀನಾಮೆ ಕೊಡಬೇಡ, ಪರ್ಮಿಟ್ ಮಂಜೂರಾದ ಮೇಲೆ ಕೊಡು.